ಹನ್ನೊಂದು ಮನೆಗಳ ಹಲೀಮಾ ಚಾಚಿ

ತೋಟಕ್ಕೆ ಕಾಲಿಟ್ಟೊಡನೆ ಹಲೀಮಾ ಚಾಚಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಯಾವ ಪಾತಿಗೆ ನೀರು ಬೇಕೆಂಬುದು ಅವರಿಗೆ ಅಂಗಾಲಿನಿಂದಲೇ ತಿಳಿಯುತ್ತಿತ್ತು. ಚಳಿಗಾಲದ ಬೆಳಗಿನ ಮಬ್ಬಿನಲ್ಲಿ ಗೋಳಗುಮ್ಮಟ ನೆಲ ಬಿಟ್ಟು ತೇಲಿದಂತಿರುತ್ತಿತ್ತು. ಅದರ ಮುಂದೆ ಬಿಳಿ ಸೆರಗು ಹೊದ್ದ ಆ ಗಿಡ್ಡ ಹೆಂಗಸು ನಿಂತಲ್ಲೇ ಕನಸು ಕಾಣುವಂತೆ ತೋರುತ್ತಿದ್ದರು. ಆಮೇಲೆ ಕಣ್ಣು ತೆರೆದು, "ಮೆಂತೆ ಕುಡದೈತಿ, ಬದನಿ ಬಾಯಿ ತಗದೈತಿ" ಎಂದು ಕೊಡ ಬಗ್ಗಿಸುತ್ತಿದ್ದರು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬಬಲೇಶ್ವರದಿಂದ ವಿಜಾಪುರಕ್ಕೆ ಸೊಸೆಯಾಗಿ ಬಂದೆ. ಗುಮ್ಮಟದ ಹಿಂದಿನ ನಮ್ಮ ಓಣಿಯಲ್ಲಿ ಹನ್ನೊಂದು ಮನೆಗಳು. ಓಣಿಯ ತುದಿಯಲ್ಲಿ ಎಲ್ಲರೂ ಕಸ ಚೆಲ್ಲುತ್ತಿದ್ದ ಜಾಗವನ್ನು ಚಾಚಿ ಒಬ್ಬರೇ ಹಸನು ಮಾಡಿ, ಓಣಿಗೆಲ್ಲ ಸೇರಿದ ಈ ತೋಟ ಎಬ್ಬಿಸಿದ್ದರಂತೆ. ಬಿಜ್ಜರಗಿಯ ಒಣಭೂಮಿಯಲ್ಲಿ ಬೆಳೆದವರು. ಗಂಡ ತೀರಿಕೊಂಡ ಮೇಲೆ ಹಳೆ ಬಟ್ಟೆಗಳಿಂದ ಕೌದಿ ಹೊಲಿದು ಬದುಕುತ್ತಿದ್ದರು. ಸ್ನಾನದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ತೋಟಕ್ಕೆ. ನೀರು ಹಾಕಲು ದಿನಕ್ಕೊಂದು ಮನೆಯ ಪಾಳಿ. ಇನ್ನೊಂದು ಕಟ್ಟಳೆ ವಿಚಿತ್ರವಾಗಿತ್ತು: ಯಾರೂ ತಮ್ಮ ಮನೆಗೆ ತಾವೇ ಕಾಯಿಪಲ್ಯ ಹರಿದುಕೊಳ್ಳುವಂತಿಲ್ಲ. ನನಗೆ ಪಕ್ಕದ ಮನೆಯ ಗೌರವ್ವ ಹರಿದು ಕೊಡಬೇಕು, ಗೌರವ್ವನಿಗೆ ಮತ್ತೊಬ್ಬರು.

"ಹಂಗ್ಯಾಕ್ರಿ ಚಾಚಿ?" ಎಂದು ಕೇಳಿದ್ದೆ.

"ನಮಗಂತ ಹರಿದ್ರ ಕೈ ಅವಸರ ಮಾಡತೈತಿ ಬೇ. ಮತ್ತೊಬ್ಬರಿಗಂದ್ರ ಆರಿಸಿ ಆರಿಸಿ ಹರೀತೈತಿ."

ಹೀಗಾಗಿ ಯಾರ ಮನೆಯ ಒಲೆ ಹೇಗೆ ಉರಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಯಾರಿಗೆ ಬೆಂಡೆ ಆಗದು, ಯಾರು ಬಸುರಿ, ಯಾರ ಮನೆಗೆ ಬೀಗರು ಬಂದಿದ್ದಾರೆ, ಎಲ್ಲ.

ಆಮೇಲೆ ಮಳೆ ಕೈಕೊಟ್ಟ ವರ್ಷ ಬಂತು. ನಳದಲ್ಲಿ ನೀರು ದಿನ ಬಿಟ್ಟು ದಿನ ಬರತೊಡಗಿತು. ಪಾಳಿ ತಪ್ಪಿತು, ಪಾತಿಗಳು ಬಿರುಕು ಬಿಟ್ಟವು. ನಾಲ್ಕು ಬದನೆ ಗಿಡಗಳನ್ನು ಮಾತ್ರ ನಾನು ಮನೆಯ ನೀರು ಉಳಿಸಿ ಬದುಕಿಸಿದೆ. ಬದುಕಿಸಿದವಳು ನಾನೇ ಎಂಬ ಸೊಕ್ಕಿನಲ್ಲಿ ಸುತ್ತ ಜಾಲಿಮುಳ್ಳು ಹಚ್ಚಿದೆ. ಗೌರವ್ವ ನೋಡಿದಳು, ಮಾತು ಬಿಟ್ಟಳು. ವಾರದೊಳಗೆ ತೋಟದಲ್ಲಿ ಇನ್ನೂ ಮೂರು ಮುಳ್ಳುಬೇಲಿ ಎದ್ದವು. ನನ್ನ ಬದನೆ ನಾನೇ ಹರಿದೆ, ಉಂಡೆ. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಚಾಚಿ ನನ್ನ ಬೇಲಿಯ ಹತ್ತಿರ ನಿಂತಿದ್ದರು.

"ಶಾಂತಾ, ಗೌರವ್ವನ ಅತ್ತಿ ಜ್ವರಾ ಬಂದು ಮಲಗಿ ನಾಕ ದಿನಾ ಆತು. ಬಾಯಿಗೆ ಏನೂ ಸೇರವಲ್ದು. ಸುಟ್ಟ ಬದನಿಕಾಯಿ ಇದ್ರ ಒಂದ ತುತ್ತ ಉಣ್ಣತೇನಿ ಅಂದಾಳ."

"ನನಗ ಯಾರೂ ಹೇಳಲೇ ಇಲ್ಲರಿ."

"ಮುಳ್ಳ ದಾಟಿ ಹೆಂಗ ಬಂದ ಹೇಳಬೇಕವಾ?"

ಬೈದಂತಿರಲಿಲ್ಲ, ನಿಜವಾಗಿ ಕೇಳಿದಂತಿತ್ತು. ಬರಿಗೈಯಿಂದಲೇ ಮುಳ್ಳು ಕಿತ್ತೆ. ಅಂಗೈಯಲ್ಲಿ ಮುರಿದು ಉಳಿದದ್ದನ್ನು ಚಾಚಿ ಕೌದಿಯ ಸೂಜಿಯಿಂದ ತೆಗೆದರು, ಊದಿದರು. ಎಳೆಯ ಬದನೆಕಾಯಿಗಳನ್ನು ಆರಿಸಿ ಒಯ್ದಾಗ ಗೌರವ್ವ ಬಾಗಿಲಲ್ಲೇ ನಿಂತು ಇಸಿದುಕೊಂಡಳು. ಆಮೇಲೆ ಬಾಗಿಲು ಬಿಟ್ಟು ಸರಿದು, "ಒಳಗ ಬಾ, ಕುಂದರ" ಎಂದಳು.

ಉಳಿದ ಬೇಲಿಗಳು ಒಂದೇ ದಿನಕ್ಕೆ ಹೋಗಲಿಲ್ಲ. ಕೊನೆಯದು ಹೋಗುವ ಹೊತ್ತಿಗೆ ಅರ್ಧ ತೋಟ ಒಣಗಿತ್ತು. ಮರುವರ್ಷ ಅದೇ ಮಣ್ಣಿಗೆ ಮತ್ತೆ ಬೀಜ ಹಾಕಿದೆವು.

ಕೆಲವು ವರ್ಷಗಳ ನಂತರ ಚಾಚಿಯ ಮೊಣಕಾಲು ಸೋತವು. ತಿಕೋಟಾದಲ್ಲಿದ್ದ ಮಗಳು ತನ್ನ ಮನೆಗೆ ಕರೆದೊಯ್ಯಲು ಬಂದಳು. ಇನ್ನು ಮುಂದೆ ತೋಟಕ್ಕೆ ಯಾರು ಯಜಮಾನತಿ ಎಂದು ಯಾರೋ ಕೇಳಿದರು.

"ಯಜಮಾನತಿ ಯಾಕ ಬೇಕ್ರಿ? ನೀರ ಬೇಕು, ಅಷ್ಟ" ಎಂದು ನಗುತ್ತ ಟಾಂಗಾ ಹತ್ತಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಅವರ ಮನೆಗೆ ಬೀಗ ಬಿದ್ದ ಮೇಲೆ ಅವರ ಪಾಳಿಯ ದಿನ ಬಂತು. ನೀರು ಯಾರು ಹಾಕಬೇಕೆಂದು ನಾವು ಮಾತಾಡಿಕೊಂಡಿರಲಿಲ್ಲ. ನಸುಕಿನಲ್ಲೇ ಎದ್ದು ಕೊಡ ಹೊತ್ತು ಹೋದೆ. ಅಲ್ಲಿ ಗೌರವ್ವ ಮತ್ತು ಮೂಲೆಮನೆಯ ಫಾತಿಮಾ ಆಗಲೇ ನೀರು ಸುರಿದು ಖಾಲಿಯಾದ ಕೊಡ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಪಾತಿಗಳೆಲ್ಲ ತುಂಬಿ ಹೊಳೆಯುತ್ತಿದ್ದವು. ಇನ್ನೊಂದು ಕೊಡ ಸುರಿದರೆ ಬೇರು ಕೊಳೆಯುತ್ತಿತ್ತು. ತುಂಬಿದ ಕೊಡವನ್ನು ಹಾಗೆಯೇ ಹೊತ್ತು ಮನೆಗೆ ಮರಳಿದೆ.