ತಮ್ಮಯ್ಯ ಹಿಡಿಯದ ವೀಳ್ಯ

ಶ್ರೀರಂಗಪಟ್ಟಣದಿಂದ ಪರರಾಜ್ಯಕ್ಕೆ ಹೊರಡುವ ವಕೀಲನಿಗೆ, ಅಂದರೆ ರಾಯಭಾರಿಗೆ, ತಟ್ಟೆಯಲ್ಲಿ ವೀಳ್ಯ ಕೊಡುತ್ತಿದ್ದರು. ಹಿಡಿದರೆ ಕೆಲಸ ಒಪ್ಪಿಕೊಂಡಂತೆ. ಆಮೇಲೆ ಮಾತು ತಪ್ಪುವಂತಿಲ್ಲ. ನಾಗಮಂಗಲದ ಒಕ್ಕಲು ಮನೆತನದ ತಮ್ಮಯ್ಯ ಮರಾಠಿ, ಫಾರ್ಸಿ ಎರಡನ್ನೂ ಬಲ್ಲವನು. ಹಾಗೆ ವೀಳ್ಯ ಹಿಡಿದು ಪುಣೆಗೂ ಹೋಗಿ ಬಂದಿದ್ದ.

1791ರ ಯುದ್ಧದಲ್ಲಿ ಶತ್ರುವಿಗೆ ಕಾಳು ಸಿಗಬಾರದೆಂದು ಹಿರೋಡೆಯ, ಅಂದರೆ ಇಂದಿನ ಪಾಂಡವಪುರದ, ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಿದರು. ಬಿತ್ತನೆಯ ಹೊತ್ತಿಗೆ ವಾಪಸು ಕಳಿಸುತ್ತೇವೆಂದು ತಮ್ಮಯ್ಯನ ಬಾಯಿಂದಲೇ ಹೇಳಿಸಿ ಜನರನ್ನು ಕೋಟೆಯೊಳಕ್ಕೆ ತಂದರು. ಮಳೆ ಬಂತು, ಬಾಗಿಲು ತೆಗೆಯಲಿಲ್ಲ. ವಾಂತಿಭೇದಿ ಹರಡಿ ಮಕ್ಕಳು ಸತ್ತವು. ತಮ್ಮಯ್ಯ ಅವರ ಪರವಾಗಿ ಕಚೇರಿಯಿಂದ ಕಚೇರಿಗೆ ಅಲೆದ. ಮುಂದಿನ ರಾಯಭಾರದ ವೀಳ್ಯ ಬಂದಾಗ ತಟ್ಟೆಯನ್ನು ಹಿಂದಕ್ಕೆ ಸರಿಸಿ, "ಮೊದಲು ಇವರನ್ನು ಬಿಡಿ" ಎಂದ.

ಹುದ್ದೆ ಹೋಯಿತು. ಸಂಧಿಯಾದ ಮೇಲೆ ಜನ ಊರು ಸೇರಿದರು. ತಮ್ಮಯ್ಯನಿಗೆ ಮಾತ್ರ, ಮತ್ತೊಂದು ವೀಳ್ಯ ಹಿಡಿಯುವ ತನಕ ಕೋಟೆ ಬಾಗಿಲು ದಾಟಕೂಡದೆಂದು ಅಪ್ಪಣೆಯಾಯಿತು.

ಕೋಟೆ ಗೋಡೆಯ ಮೇಲೆ ನಿಂತರೆ ಕರಿಘಟ್ಟದ ಬೆಟ್ಟ ಕಾಣುತ್ತಿತ್ತು. ಹೊರಗಿನ ಲೋಕವೆಂದರೆ ಅವನಿಗೆ ಅಷ್ಟೇ. ಹೆಂಡತಿ ದ್ಯಾವಮ್ಮ ಸಂತೆಯ ದಿನ ಹೊಳೆಯಾಚೆಯ ಊರಿಂದ ಬಂದು, ಸಂಜೆ ಬಾಗಿಲು ಮುಚ್ಚುವ ಮೊದಲು ಹೋಗುತ್ತಿದ್ದಳು.

"ಒಂದೆಲೆ ತಕಳ್ಳಕ್ಕೆ ಇಷ್ಟು ಜಂಬವಾ? ನಮ್ಮ ಮೇಕೆ ಆಗಿದ್ರೆ ತಟ್ಟೇನೂ ನೆಕ್ಕಿ ಮನೆ ಸೇರಿರೋದು."

"ಮೇಕೆ ಯಾರ್ಗೂ ಮಾತು ಕೊಟ್ಟಿರಾಕಿಲ್ಲ ಕಣಮ್ಮಿ."

1799ರ ಮೊದಲಲ್ಲಿ ಒಂದು ಸಂಜೆ, ಅವಳಿದ್ದಾಗಲೇ ಕೋಟೆಯ ಅಧಿಕಾರಿ ಕಿಲ್ಲೇದಾರ ವೀಳ್ಯದ ತಟ್ಟೆಯೊಂದಿಗೆ ಬಂದ.

"ವಕೀಲ್ ಸಾಹೇಬ್ರೆ, ಮತ್ತೆ ಯುದ್ಧ. ಹಿರೋಡೆ ಜನಾನ ಒಳಗೆ ಕರ್ಕೊಂಡ್ ಬನ್ನಿ. ನಿಮ್ಮನ್ನ ನಂಬ್ತಾರೆ. ಇಲ್ಲಾಂದ್ರೆ ಬೆಳಗ್ಗೆ ಸಿಪಾಯಿಗಳು ಎಳ್ಕೊಂಡ್ ಬರ್ತಾರೆ."

ಹಿರೋಡೆ ದ್ಯಾವಮ್ಮನ ತವರು. ಗಂಡನ ಮುಖ ನೋಡಿ ಎದ್ದಳು. "ನಾ ಬತ್ತೀನಿ. ಎಮ್ಮೆ ಕರೀಬೇಕು."

ಅವಳ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

"ಕೂತ್ಕೊಳ್ಳಿ ಕಿಲ್ಲೇದಾರ್ರೆ," ಎಂದ ತಮ್ಮಯ್ಯ. "ಎಲೆ ಬಾಡೋಗೈತೆ. ಬೇರೆ ತರಿಸ್ತೀರಾ?"

ಹೊಸ ಎಲೆ ಬಂತು. ಸುಣ್ಣ ಸಾಲದೆಂದ. ಸುಣ್ಣ ಬಂತು. ಕುದುರೆ ಯಾವುದು, ಜೊತೆಗೆ ಯಾರು, ಜನರಿಗೆ ಏನೆಂದು ಹೇಳಲಿ ಎಂದು ಒಂದೊಂದಾಗಿ ಕೇಳಿದ. ಮಾತಿನಲ್ಲೇ ಹೊತ್ತು ಕಳೆಯುವುದು ಪುಣೆಯಲ್ಲಿ ಕಲಿತ ವಿದ್ಯೆ.

"ಎಲೆ ಹಿಡಿಯಕ್ಕೆ ಹೆಣ್ಣು ನೋಡೋ ಶಾಸ್ತ್ರ ಮಾಡ್ತೀರಲ್ರೀ!" ಎಂದು ಕಿಲ್ಲೇದಾರ ನಕ್ಕ.

ಬಾಗಿಲು ಮುಚ್ಚುವ ನಗಾರಿ ಕೇಳಿಸಿತು. ದ್ಯಾವಮ್ಮ ಹೊಳೆ ದಾಟಿರಬೇಕು. ಅವಳು ಸುದ್ದಿ ಮುಟ್ಟಿಸಿದ ಮೇಲೆ, ಬೆಳಗಾಗುವುದರೊಳಗೆ ತವರಿನವರು ಆದಿಚುಂಚನಗಿರಿ ಬೆಟ್ಟದ ದಾರಿ ಹಿಡಿದಿರುತ್ತಾರೆ.

ತಮ್ಮಯ್ಯ ತಟ್ಟೆಯನ್ನು ಹಿಂದಕ್ಕೆ ಸರಿಸಿದ. ಕಿಲ್ಲೇದಾರನ ನಗು ನಿಂತಿತು. ಅತ್ತ ಕೋಟೆ ಬಾಗಿಲಿಗೆ ಅಗುಳಿ ಬಿತ್ತು.