ಬದಾಮ್ ರಾಣಿಯ ಬೆನ್ನ ಮೇಲಿನ ಅರಿಶಿನ

ಕಳೆದ ಸೋಮವಾರ ಸಿಂದಗಿಯಲ್ಲಿ ನಮ್ಮ ಕಾಕು, ತೀರಿಕೊಂಡು ಮೂರು ತಿಂಗಳಾದ ಗಂಡನ ಮೇಲೆ ಮೋಸದ ಆರೋಪ ಹೊರಿಸಿದರು. ಸಾಕ್ಷಿ? ಒಂದು ಇಸ್ಪೀಟ್ ಎಲೆ.

"ನೋಡವಾ ಇಲ್ಲಿ, ಗುರ್ತ ಮಾಡಿಟ್ಟಾರ! ನಲವತ್ತ ವರ್ಷ ನನ್ನ ಹುಚ್ಚಿ ಮಾಡ್ಯಾರ ನಿಮ್ಮ ಕಾಕಾ."

ಕಾಕಾ ಅಂದರೆ ನನ್ನ ಯಜಮಾನರ ಚಿಕ್ಕಪ್ಪ. ಮುದ್ದೇಬಿಹಾಳ–ಬಸವನ ಬಾಗೇವಾಡಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಜೇಬಿನಲ್ಲಿ ಸೀಟಿಯ ಜೊತೆ ಸದಾ ಒಂದು ಇಸ್ಪೀಟ್ ಕಟ್ಟು. ಜೂಜಿಗಲ್ಲ, ಮ್ಯಾಜಿಕ್ಕಿಗೆ! ಶಾಲೆಯ ಗ್ಯಾದರಿಂಗು, ಮದುವೆಮನೆ, ಕೆಟ್ಟು ನಿಂತ ಬಸ್ಸು, ಎಲ್ಲಾದರೂ ಸರಿ. (ಊರವರಿಗೆ ಮಾತ್ರ ಅವರು "ಇಸ್ಪೀಟ್ ಮಾಸ್ತರ". ಕಾಕುಗೆ ಆ ಹೆಸರು ಕೇಳಿದರೇ ಮೈ ಉರಿ.)

ಅವರೇ ಹುಟ್ಟಿಸಿದ ಆಟವೊಂದಿತ್ತು. ಎಲೆಗಳನ್ನು ಬೀಸಣಿಗೆಯ ಹಾಗೆ ಹರಡಿ, "ಯಾವದರ ಒಂದ ತಗೀರಿ" ಅನ್ನುವರು. ನೀವು ಎಷ್ಟೇ ಹುಷಾರಾಗಿ ಎಳೆಯಿರಿ, ಬರುವುದು ಅವರು ಮೊದಲೇ ಹೇಳಿಟ್ಟ ಎಲೆ. ಕಾಕು ದಿನಾ ಸಂಜೆ ಒಗ್ಗರಣೆ ಬಿಟ್ಟು ಒಂದೆಲೆ ಎಳೆಯಬೇಕು. ದಿನಾ ಬದಾಮ್ ರಾಣಿ! (ನೀವು ಆಟೀನ್ ರಾಣಿ ಅನ್ನುತ್ತೀರೇನೋ.)

ಇದರ ಗುಟ್ಟು ಗೊತ್ತಿರುವುದು ಈಗ ನನಗೊಬ್ಬಳಿಗೆ. ಎರಡು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಾಕಾ ಇಂಡಿ ಊರಿನ ನಮ್ಮ ಮನೆಯಲ್ಲಿದ್ದಾಗ, "ನನ್ನ ಬೆರಳ ನಡಗಾಕತ್ತಾವ. ನಿನ್ನವು ಚಲೋ ಅದಾವ, ಕಲಿ" ಎಂದು ಹಟ ಹಿಡಿದು ಕಲಿಸಿದರು. (ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ಮೊಣಕಾಲೂರಿಸುತ್ತಿದ್ದರು.) ಟಿಕೆಟಿಗೆ ಚಾಚುವ ಸಾವಿರಾರು ಕೈಗಳನ್ನು ನೋಡಿ ನೋಡಿ ಕಂಡುಕೊಂಡ ಆಟವಂತೆ. ಇಷ್ಟು ಹೇಳಬಲ್ಲೆ, ಮುಂದಿನದಕ್ಕೆ ಆಣೆ ಇದೆ. "ನಿಮ್ಮ ಕಾಕುಗಂತೂ ಹೇಳಲೇಬ್ಯಾಡ."

ಕಾಕು ಕೊಟ್ಟ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ರಾಣಿಯ ಬೆನ್ನಿನ ಮೂಲೆಯಲ್ಲಿ ಹಳದಿ ಕಲೆ. ಮೂಸಿದೆ. ಇಂಗು, ಅರಿಶಿನ! ಉಳಿದ ಐವತ್ತೊಂದು ಎಲೆ ಸ್ವಚ್ಛ.

"ಕಾಕು, ಇದು ನಿಮ್ಮ ಹೆಬ್ಬೆರಳ ಕಲೆ ಐತ್ರಿ! ದಿನಾ ಇದೊಂದ ಎಲಿ ನಿಮ್ಮ ಕೈಗೆ ಬಂದೈತಲ್ಲ?"

"ನಂದ ಇರಲಿ ಬಿಡು. ಆ ಕಲೆ ನೋಡೇ ಕೊಡತಿದ್ರು. ನಿನಗ ಕಲಿಸ್ಯಾರಲ್ಲ? ಇದ ಕಟ್ಟ ಹಿಡಿದು ತೋರಸು."

ಹಿಡಿದೆ. ಕಲೆ ಕಣ್ಣಿಗೆ ರಾಚುವಷ್ಟು ಸ್ಪಷ್ಟ. ಕಾಕು ಕೈ ಚಾಚಿದರು. ಕಿಲವರ್ ಒಂಬತ್ತು. ಇನ್ನೊಮ್ಮೆ. ಇಸ್ಪೀಟ್ ಗುಲಾಮ. ಮೂರನೇ ಸಲ ಅರ್ಧ ಕಟ್ಟು ನೆಲದ ಮೇಲೆ. ಸತ್ತವರ ಮಾನ ಉಳಿಸಲು ಬಂದವಳ ಅವಸ್ಥೆ ನೋಡಿ!

"ಗುರ್ತ ಇಷ್ಟ ಚಂದ ಕಾಣಾಕತ್ತೈತಿ, ಆದ್ರೂ ಬರವಲ್ದಲ್ಲ ನಿನಗ!" ಎಂದು ಕಾಕು ಛೇಡಿಸಿದರು.

ಅಂದವರೇ ಬಗ್ಗಿ ರಾಣಿಯನ್ನು ಎತ್ತಿಕೊಂಡು, ತಮ್ಮ ಹೆಬ್ಬೆರಳನ್ನು ಮೆಲ್ಲಗೆ ಆ ಕಲೆಯ ಮೇಲಿಟ್ಟು ನೋಡಿದರು.

"ಅವರಿಗೆ ಒಂದ ದಿನಾನೂ ತಪ್ಪಲಿಲ್ಲವಾ."

ನಮ್ಮವರ ಕೈಯ ಬೆಲೆ ತಿಳಿಯಲು ಇನ್ನೊಬ್ಬರು ಅದೇ ಕೆಲಸ ಕೆಡಿಸಿ ತೋರಿಸಬೇಕೇ? ನಾನು ಕೆಡಿಸಿದ್ದಕ್ಕೆ ಕಾಕುಗೆ ಎಷ್ಟು ಖುಷಿ ಅಂತೀರಿ! ಬೀಳ್ಕೊಡುವಾಗ ಬಾಗಿಲಲ್ಲಿ ನಿಂತು, "ಬರೋ ಸೋಮವಾರ ಮತ್ತ ಬಾ. ಕಟ್ಟ ಹಿಡಿ, ನೋಡೂಣು" ಅಂದರು.

ಅಂದಿನಿಂದ ನನ್ನ ಬೆರಳಿಗೆ ನೆಮ್ಮದಿಯಿಲ್ಲ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ಸುತ್ತು ಪ್ರಾಕ್ಟೀಸ್. ಹಾಲಿನವನೂ ಎಲೆ ಎಳೆದ, ಪಕ್ಕದ ಮನೆಯವರೂ ಎಳೆದರು. ನಿನ್ನೆ ಹತ್ತಕ್ಕೆ ಹತ್ತು ಸಲವೂ ಬದಾಮ್ ರಾಣಿಯೇ ಬಂದಳು!

ಸೋಮವಾರ ಕಾಕು ಮುಂದೆ ಬೇಕಂತಲೇ ತಪ್ಪಿಸಲೇ?