ಸರಪಳಿ ಚನಿಯಪ್ಪನೂ ಬಿಯರಿನ ತೋಟವೂ

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಹಿಡಿದ ಚನಿಯಪ್ಪನನ್ನು ನಿವೃತ್ತಿಯಾದ ಮೇಲೂ ಊರವರು ಸರಪಳಿ ಚನಿಯಪ್ಪನೆಂದೇ ಕರೆಯುತ್ತಿದ್ದರು. ಮನುಷ್ಯ ಮಹಾ ಮುಂಗೋಪಿ. ಆದರೆ ಅಳತೆಯಲ್ಲಿ ಒಂದು ಗೇಣು ಆಚೀಚೆ ಮಾಡಿದವನಲ್ಲ. ಸ್ವಂತ ಅಣ್ಣನ ಗಡಿ ಅಳೆಯುವಾಗಲೂ ಸರಪಳಿಯನ್ನು ಸಡಿಲ ಬಿಡಲಿಲ್ಲ. ಅಣ್ಣನ ಹಲಸಿನ ಮರ ನೆರೆಯವನ ಪಾಲಾಯಿತು. ಅಣ್ಣ ಮೂರು ವರ್ಷ ಇವನ ಅಂಗಳಕ್ಕೆ ಕಾಲಿಡಲಿಲ್ಲ. "ನಾನೇನು ಮರ ಕದ್ದೆನಾ?" ಎಂಬುದು ಇವನ ವಾದ.

ಗುರುವಾಯನಕೆರೆಯಿಂದ ಎರಡು ಮೈಲು ಒಳಗೆ ಇವನ ಮನೆ. ಅದರ ಹಿಂದಿನ ಜಾಗವನ್ನು, ದುಬೈಯ ಹೋಟೆಲಿನಲ್ಲಿ ದುಡಿದು ಬಂದ ರೋಹಿತ್ ಕೊಂಡು ಬಿಯರಿನ ಅಂಗಡಿ ತೆರೆದ. ಬರೇ ಅಂಗಡಿಯಲ್ಲ. ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಮಾಡಿದ ವಿಶೇಷ ಬಿಯರಂತೆ, ಪುನರ್ಪುಳಿ ಹಣ್ಣು ಹಾಕಿದ್ದೂ ಉಂಟಂತೆ. ಬೇಕಾದ ಬಾಟಲಿ ಆರಿಸಿಕೊಂಡು ತೋಟದ ಬೆತ್ತದ ಕುರ್ಚಿಯಲ್ಲಿ ಕೂತು ಕುಡಿಯಬಹುದು. ಮಾವಿನ ಮರಕ್ಕೆ ಬಣ್ಣದ ಬಲ್ಬು, ಬಾಗಿಲಿಗೆ 'ಕುಟುಂಬ ಸಮೇತ ಬನ್ನಿ' ಎಂಬ ಫಲಕ.

"ಕುಡಿಯಲಿಕ್ಕೆ ಕುಟುಂಬ ಬೇರೆ ಕೇಡು," ಎಂದು ಚನಿಯಪ್ಪ ರೋಹಿತನಿಗೆ ಕೇಳುವ ಹಾಗೆ ಉಗಿದ.

ಸಿಟ್ಟು ಬರದೆ ಇನ್ನೇನು? ರಸ್ತೆ ಬದಿಯ ಶಾಲೆಯಿಂದ ಆ ತೋಟದವರೆಗೆ ಚನಿಯಪ್ಪನ ಅಂಗಳ ಹಾದು ಹಳೆಯ ಕಾಲುದಾರಿಯಿತ್ತು. ಬಸ್ಸಿಳಿದ ಕುಡುಕರು ಅದರಲ್ಲೇ ಬಂದರು, ಅದರಲ್ಲೇ ತೂರಾಡುತ್ತ ಹೋದರು. ಬಾವಿಕಟ್ಟೆಯ ಮೇಲೆ ಖಾಲಿ ಬಾಟಲಿ ಇಟ್ಟರು. ಒಬ್ಬನಂತೂ ತುಳಸಿಕಟ್ಟೆಯ ಬುಡಕ್ಕೇ ಉಚ್ಚೆ ಹೊಯ್ದ. ಮರುದಿನ ಚನಿಯಪ್ಪ ಕಲ್ಲುಕಂಬ ನೆಟ್ಟು, ಮುಳ್ಳುತಂತಿ ಎಳೆದು, ದಾರಿ ಮುಚ್ಚಿಬಿಟ್ಟ.

"ಆಚೆ ಮನೆಯ ಮಕ್ಕಳು ಶಾಲೆಗೆ ಸುತ್ತಿ ಹೋಗಬೇಕಲ್ಲ, ಒಂದು ಸಂದಾದರೂ ಬಿಡಿ," ಎಂದಳು ಹೆಂಡತಿ ಸೇಸಮ್ಮ.

"ಸಂದಿನಲ್ಲಿ ಮಕ್ಕಳು ಮಾತ್ರ ತೂರ್ತಾರೆ ಅಂತ ನಿನಗೆ ಯಾರು ಹೇಳಿದ್ದು?"

ಎಂಟು ತಿಂಗಳಾಯಿತು. ಶಾಲೆಯಿಂದ ನೂರು ಮೀಟರಿನೊಳಗೆ ಇಂಥ ಅಂಗಡಿ ಇರಬಾರದೆಂಬ ನಿಯಮವನ್ನು ಶಾಲೆಯ ಟೀಚರ್ ಕಾಂತಿ ಹುಡುಕಿ ತೆಗೆದಳು. ಸೇಸಮ್ಮ ಮನೆ ಮನೆ ತಿರುಗಿ ದೂರಿಗೆ ತಾಯಂದಿರ ಸಹಿ ಹಾಕಿಸಿದಳು. ಅಬಕಾರಿ ಇನ್‌ಸ್ಪೆಕ್ಟರ್ ಅಳತೆಗೆ ಬರುವುದೆಂದಾಯಿತು. ಅಂಗಡಿ ಉಳಿಯುವುದೋ ಮುಚ್ಚುವುದೋ ಆ ಅಳತೆಯ ಮೇಲಿತ್ತು. ಚನಿಯಪ್ಪ ಹಿಂದಿನ ದಿನವೇ ಟೇಪು ಹಿಡಿದು ಕಾಲುದಾರಿ ಅಳೆದಿದ್ದ: ಎಂಬತ್ತಾರು ಮೀಟರ್. "ನಾಳೆ ಅವನ ಗಂಟುಮೂಟೆ ಕಟ್ಟಿಸ್ತೇನೆ ನೋಡಿ," ಎಂದು ಹೆಂಗಸರಿಗೆಲ್ಲ ಮಾತು ಕೊಟ್ಟ.

ಮರುದಿನ ಹೆಂಗಸರೂ ರೋಹಿತನೂ ನೋಡುತ್ತಿರುವಂತೆ ಇನ್‌ಸ್ಪೆಕ್ಟರ್ ಶಾಲೆಯಿಂದ ರಸ್ತೆಯ ಮೇಲೆ ಅಳೆದರು. ನೂರ ಹದಿಮೂರು.

"ಸಾರ್, ದಾರಿ ಅದಲ್ಲ, ಇದು," ಎಂದು ಚನಿಯಪ್ಪ ಅವರನ್ನು ತನ್ನ ಅಂಗಳಕ್ಕೆ ಕರೆತಂದ.

ಇನ್‌ಸ್ಪೆಕ್ಟರ್ ತಂತಿಯನ್ನು ನೋಡಿದರು. ಅದರಾಚೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. "ಜನ ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯನ್ನು ಅಳೆಯಬೇಕು ಅಂತ ನಿಯಮ. ಇದರಲ್ಲಿ ಈಗ ಜನ ನಡೀತಾರಾ? ನೀವು ಸರ್ವೆಯಲ್ಲಿ ಇದ್ದವರು. ನೀವು ಹೇಳಿದ್ದನ್ನು ಬರೀತೇನೆ."

"ಹೌದು ಅಂತ ಹೇಳಿ ಚನಿಯಪ್ಪಣ್ಣ," ಎಂದು ಕಾಂತಿ ಮೆಲ್ಲಗೆ ಅಂದಳು.

ಒಂದು 'ಹೌದು'. ಅಷ್ಟು ಹೇಳಿದ್ದರೆ ರೋಹಿತನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಗಸರೆಲ್ಲ ಇವನ ಬಾಯನ್ನೇ ನೋಡುತ್ತಿದ್ದರು. ಚನಿಯಪ್ಪನಿಗೆ ತನ್ನ ಮೇಲೇ ಅಸಹ್ಯವಾಯಿತು. ಕುಡುಕರನ್ನು ತಡೆಯಲು ಹೋಗಿ ಅವರ ಅಂಗಡಿಗೆ ತಾನೇ ಕಾವಲು ನಿಂತಂತಾಗಿತ್ತು.

"ಇಲ್ಲ ಸಾರ್. ಎಂಟು ತಿಂಗಳಾಯಿತು, ಯಾರೂ ನಡೆಯುವುದಿಲ್ಲ. ನಾನೇ ಮುಚ್ಚಿದ್ದು."

ಇನ್‌ಸ್ಪೆಕ್ಟರ್ ಬರೆದುಕೊಂಡು ಜೀಪು ಹತ್ತಿದರು. ರೋಹಿತ್ ಹತ್ತಿರ ಬಂದು ಕೈಮುಗಿದ. ಗೇಲಿಯಲ್ಲ, ನಿಜವಾಗಿಯೂ ಅವನ ಕಣ್ಣು ತುಂಬಿತ್ತು. ಚನಿಯಪ್ಪನಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

"ದೊಡ್ಡ ಉಪಕಾರ ಆಯ್ತು ಚನಿಯಪ್ಪಣ್ಣ. ನಮ್ಮಲ್ಲಿ ನಿಮಗೆ ಯಾವಾಗಲೂ ಒಂದು ಕುರ್ಚಿ ಉಂಟು."

"ಅದರಲ್ಲಿ ನಿನ್ನ ಅಪ್ಪನನ್ನು ಕೂರಿಸು."

ತಿರುಗಿ ನೋಡಿದರೆ ಹೆಂಗಸರು ಆಗಲೇ ರಸ್ತೆಗೆ ಇಳಿದಿದ್ದರು. ಸೇಸಮ್ಮ ಮಾತ್ರ ಒಂದು ಗಳಿಗೆ ನಿಂತಳು.

"ನೀವು ಸುಳ್ಳು ಹೇಳಬೇಕಿತ್ತು ಅಂತ ನಾನು ಹೇಳುವುದಿಲ್ಲ," ಎಂದಳು. "ಆದರೆ ಇವತ್ತು ನನ್ನ ಹತ್ತಿರ ಮಾತಾಡಬೇಡಿ."

ಅವಳೂ ಹೋದಳು. ರೋಹಿತನಿಗೆ ಬಯ್ಯಲು ಚನಿಯಪ್ಪನ ಬಾಯಿ ತುಂಬ ಮಾತಿತ್ತು. ಕೇಳಿ ಹೌದೆನ್ನಲು ಅಂಗಳದಲ್ಲಿ ಒಬ್ಬರೂ ಉಳಿದಿರಲಿಲ್ಲ.